ಉಸಿಕ್–ಫ್ಯೂರಿ ಮರುಪಂದ್ಯ: ಎತ್ತರಕ್ಕಿಂತ ಎಂಟನೇ ಸುತ್ತು ಮುಖ್ಯ

ಮಾನ್ಯ ಸಂಪಾದಕರೇ,

ಇದೇ 2024ರ ಡಿಸೆಂಬರ್ 21ರ ಶನಿವಾರ ರಾತ್ರಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್ ಮತ್ತು ಬ್ರಿಟನ್‌ನ ಟೈಸನ್ ಫ್ಯೂರಿ ಬಾಕ್ಸಿಂಗ್‌ನ ಅತಿ ಭಾರದ ವಿಭಾಗವಾದ ಹೆವಿವೇಟ್‌ನ ವಿಶ್ವ ಪಟ್ಟಕ್ಕಾಗಿ ಎರಡನೇ ಸಲ ಎದುರಾಗುತ್ತಿದ್ದಾರೆ. ನಮ್ಮಲ್ಲಿ ಆಗ ಭಾನುವಾರದ ಬೆಳಗಿನ ಜಾವ. ಗಣಿ ನಡೆಯುತ್ತಿದ್ದ ಕಾಲದಿಂದಲೂ ಬಾಕ್ಸಿಂಗ್ ಬಲ್ಲ ಕೆಜಿಎಫ್‌ನಲ್ಲಿ ಇದರ ಮಾತು ಆಗಲೇ ಶುರುವಾಗಿದೆ. ಆದರೆ ಮಾತೆಲ್ಲ ಅಳತೆಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಫ್ಯೂರಿ ಆರಡಿ ಒಂಬತ್ತು ಇಂಚು, ಉಸಿಕ್ ಆರಡಿ ಮೂರು. ತೋಳು ಚಾಚಿದರೆ ಬೆರಳ ತುದಿಯಿಂದ ತುದಿಗೆ ಫ್ಯೂರಿಗೆ 85 ಇಂಚು, ಉಸಿಕ್‌ಗೆ 78. ಹಾಗಾದರೆ ದೊಡ್ಡವನೇ ಗೆಲ್ಲಬೇಕಲ್ಲ ಎನ್ನುವುದು ವಾದ. ಪತ್ರಿಕೆಗಳ ಕ್ರೀಡಾಪುಟದಲ್ಲೂ ಪಂದ್ಯಕ್ಕೆ ಮುಂಚೆ ಬರುವುದು ಹೆಚ್ಚುಕಡಿಮೆ ಇಷ್ಟೇ. ಕಳೆದ ಮೇ 18ರ ಮೊದಲ ಪಂದ್ಯದಲ್ಲೂ ಅಳತೆ ಇದೇ ಇತ್ತು, ಗೆದ್ದದ್ದು ಉಸಿಕ್.

ನನ್ನ ಅಂದಾಜನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸಲವೂ ಉಸಿಕ್, ಅದೂ ಅಂಕಗಳ ಮೇಲೆ, ಹನ್ನೆರಡರಲ್ಲಿ ಏಳು ಅಥವಾ ಎಂಟು ಸುತ್ತು ಗೆದ್ದು. ನಾಕೌಟ್ ಆಗುವ ಸಾಧ್ಯತೆ ಕಡಿಮೆ.

ಹಾಗೆಂದು ಮೇ ತಿಂಗಳ ಗೆಲುವು ದೊಡ್ಡ ಅಂತರದ್ದೇನಲ್ಲ. ಮೂವರು ತೀರ್ಪುಗಾರರಲ್ಲಿ ಒಬ್ಬರು 115–112, ಇನ್ನೊಬ್ಬರು 114–113 ಎಂದು ಉಸಿಕ್‌ಗೆ ಕೊಟ್ಟರು. ಮೂರನೆಯವರು 114–113 ಎಂದು ಫ್ಯೂರಿಗೆ ಕೊಟ್ಟರು. ಸುತ್ತು ಗೆದ್ದವರಿಗೆ 10, ಸೋತವರಿಗೆ 9, ಸೋತವರು ಒಮ್ಮೆ ನೆಲಕ್ಕೆ ಬಿದ್ದಿದ್ದರೆ 8. ಒಂಬತ್ತನೇ ಸುತ್ತಿನಲ್ಲಿ ಉಸಿಕ್ ಎಡಗೈಯಿಂದ ಹೊಡೆದ ಏಟಿಗೆ ಫ್ಯೂರಿ ತತ್ತರಿಸಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದರು. ಅವರು ನೆಲ ಮುಟ್ಟಲಿಲ್ಲ. ಆದರೆ ಹಗ್ಗವೇ ಆಟಗಾರನನ್ನು ಎತ್ತಿ ಹಿಡಿದಿದ್ದರೆ ಅದೂ ನಾಕ್‌ಡೌನ್ ಎಂದೇ ಲೆಕ್ಕ, ರೆಫರಿ ಎಂಟರವರೆಗೆ ಎಣಿಸಿದರು. ಆ ಎಣಿಕೆ ಇಲ್ಲದಿದ್ದರೆ ಪ್ರತಿ ತೀರ್ಪುಗಾರರ ಅಂಕಪಟ್ಟಿಯಲ್ಲೂ ಫ್ಯೂರಿಗೆ ಒಂದು ಅಂಕ ಹೆಚ್ಚುತ್ತಿತ್ತು. ಆಗ ಒಂದು ಪಟ್ಟಿ ಉಸಿಕ್‌ಗೆ 115–113, ಒಂದು ಫ್ಯೂರಿಗೆ 115–113, ಇನ್ನೊಂದು 114–114. ಅಂದರೆ ಪಂದ್ಯ ಡ್ರಾ. ಉಸಿಕ್ ಸುಲಭವಾಗಿ ಗೆಲ್ಲುತ್ತಾರೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಇಷ್ಟು ತೆಳುವಾದ ಅಂತರವಿದ್ದೂ ಉಸಿಕ್ ಎನ್ನಲು ಕಾರಣ, ಯಾರು ಯಾವ ಸುತ್ತು ಗೆದ್ದರು ಎಂಬುದು. ನಾಲ್ಕರಿಂದ ಏಳರವರೆಗೆ ಆಟ ಫ್ಯೂರಿ ಕೈಯಲ್ಲಿತ್ತು. ಹೊಟ್ಟೆಗೆ ಬಿದ್ದ ಪಂಚ್‌ಗಳೂ ಕೆಳಗಿನಿಂದ ಬಂದ ಅಪ್ಪರ್‌ಕಟ್‌ಗಳೂ ಉಸಿಕ್ ಅವರನ್ನು ಹಿಂದಕ್ಕೆ ತಳ್ಳಿದ್ದವು. ಎಂಟನೇ ಸುತ್ತಿನಿಂದ ಆಟ ತಿರುಗಿತು. ಉಸಿಕ್ ಮೊದಲಿಂದಲೂ ಹೀಗೆಯೇ. 2021ರಲ್ಲಿ ಲಂಡನ್‌ನಲ್ಲಿ ಆಗಿನ ಚಾಂಪಿಯನ್ ಆಂಟನಿ ಜೋಶುವಾ ಅವರನ್ನು ಕೊನೆಯ ಸುತ್ತಿನಲ್ಲಿ ಹಗ್ಗಕ್ಕೆ ಒತ್ತಿ ಹೊಡೆದರು. 2022ರ ಜೆಡ್ಡಾ ಮರುಪಂದ್ಯದಲ್ಲಿ ಜೋಶುವಾ ಒಂಬತ್ತನೇ ಸುತ್ತನ್ನು ಜೋರಾಗಿ ಗೆದ್ದ ಬೆನ್ನಲ್ಲೇ ಹತ್ತನೆಯದರಲ್ಲಿ ಉಸಿಕ್ ಇನ್ನೂ ಜೋರಾದರು. ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್‌ನ ಮೂರು ಸುತ್ತಿನ ಪಂದ್ಯ ನೋಡಿ ಪಳಗಿದ ಕಣ್ಣಿಗೆ ಇದು ಬೇಗ ಹೊಳೆಯುವುದಿಲ್ಲ. ಅಲ್ಲಿ ಮೊದಲ ಸುತ್ತು ಕೈಬಿಟ್ಟರೆ ಅರ್ಧ ಪಂದ್ಯ ಹೋದಂತೆ. ಇಲ್ಲಿ ಐದು ಸುತ್ತು ಕಳೆದುಕೊಂಡವರೂ ಗೆಲ್ಲಬಹುದು.

ಎರಡನೆಯ ಕಾರಣ ಕಾಲು. ಉಸಿಕ್ ಎಡಗೈ ಆಟಗಾರ; ಬಲಗಾಲು, ಬಲಗೈ ಮುಂದೆ. ಫ್ಯೂರಿ ಸಾಮಾನ್ಯವಾಗಿ ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ. ಹೀಗೆ ಎದುರುಬದುರು ನಿಂತಾಗ ಇಬ್ಬರ ಮುಂದಿರುವ ಕಾಲುಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ಯಾರ ಪಾದ ಎದುರಾಳಿಯ ಪಾದದ ಹೊರಬದಿಗೆ ಇಳಿಯುತ್ತದೋ ಅವರ ಹಿಂದಿರುವ ಕೈಗೆ ನೇರ ದಾರಿ. ಉಸಿಕ್ ಬಲಪಾದ ಹೊರಗಿಟ್ಟರೆಂದರೆ ಎಡಗೈ ಫ್ಯೂರಿಯ ಎರಡು ಗ್ಲೌಸ್‌ಗಳ ನಡುವಿನಿಂದ ನುಗ್ಗುತ್ತದೆ. ಎತ್ತರದ ಆಟಗಾರ ಹೊಟ್ಟೆಗೆ ಜ್ಯಾಬ್ (ಮುಂದಿರುವ ಕೈಯ ನೇರ ಚುಟುಕು ಪಂಚ್) ಹಾಕಲು ಆ ಕೈ ಇಳಿಸಿದಾಗ ಆ ದಾರಿ ಇನ್ನೂ ಅಗಲವಾಗುತ್ತದೆ. ಪಂಚ್‌ಗಳ ಲೆಕ್ಕವೂ ಇದನ್ನೇ ಹೇಳುತ್ತದೆ: ಪಂದ್ಯದ ಪಂಚ್‌ಗಳನ್ನು ಎಣಿಸುವ ಕಂಪ್ಯೂಬಾಕ್ಸ್ ಸಂಸ್ಥೆಯ ಎಣಿಕೆಯಂತೆ ಫ್ಯೂರಿ 496 ಪಂಚ್ ಎಸೆದು 157 ತಾಗಿಸಿದರೆ, ಉಸಿಕ್ 407ರಲ್ಲೇ 170 ತಾಗಿಸಿದರು. ನಮ್ಮ ಜಿಲ್ಲೆಯಲ್ಲಿ ಬಾಕ್ಸಿಂಗ್ ಕಲಿಯುತ್ತಿರುವ ಮಕ್ಕಳು ಈ ಪಂದ್ಯದ ಎರಡು ಸುತ್ತನ್ನಾದರೂ ಕೈ ನೋಡದೆ ಬರೀ ಪಾದ ನೋಡಬೇಕು.

ಇನ್ನು ಫ್ಯೂರಿ ಗೆಲ್ಲುವ ದಾರಿ. ಅದು ಖಂಡಿತ ಇದೆ, ಅದರ ಸುಳಿವು ಪಂದ್ಯದ ಹಿಂದಿನ ದಿನ ಶುಕ್ರವಾರ ಇಬ್ಬರನ್ನೂ ತೂಗುವಾಗಲೇ ಸಿಗುತ್ತದೆ. ಹೆವಿವೇಟ್‌ನಲ್ಲಿ ತೂಕಕ್ಕೆ ಮೇಲ್ಮಿತಿ ಇಲ್ಲ. ಹಾಗಾಗಿ ಯಾರೂ ನೀರು ಬಿಟ್ಟು ತೂಕ ಇಳಿಸುವುದಿಲ್ಲ. ತಕ್ಕಡಿ ತೋರಿಸುವುದು ಅವರ ಯೋಜನೆಯನ್ನು. ಅಮೆರಿಕದ ಡಿಯೊಂಟೆ ವೈಲ್ಡರ್ ಎದುರು 2018ರಲ್ಲಿ ಸುಮಾರು 116 ಕಿಲೋ ಇದ್ದ ಫ್ಯೂರಿ ಡ್ರಾ ಮಾಡಿಕೊಂಡರು. 2020ರ ಮರುಪಂದ್ಯಕ್ಕೆ ಸುಮಾರು 124 ಕಿಲೋಗೆ ಏರಿ ಬಂದು, ಎದುರಾಳಿಯ ಮೈಮೇಲೆ ಭಾರ ಹಾಕಿ, ಏಳನೇ ಸುತ್ತಿನಲ್ಲಿ ಮುಗಿಸಿದರು. ಕಳೆದ ಮೇನಲ್ಲಿ ಅವರು ಸುಮಾರು 119 ಕಿಲೋ, ಉಸಿಕ್ 101. ಈ ಸಲ ಫ್ಯೂರಿ 124 ದಾಟಿದರೆ ವೈಲ್ಡರ್‌ಗೆ ಮಾಡಿದ್ದನ್ನೇ ಮಾಡಲು ಬಂದಿದ್ದಾರೆಂದು ತಿಳಿಯಬಹುದು: ಅಪ್ಪಿ ಹಿಡಿಯುವುದು, ಕತ್ತಿನ ಮೇಲೆ ತೋಳು ಹೇರುವುದು, ಪಕ್ಕೆಗೆ ಹೊಡೆಯುವುದು. ರೆಫರಿ ಹಿಡಿತ ಬಿಡಿಸಲು ತಡ ಮಾಡಿದಷ್ಟೂ ಫ್ಯೂರಿಗೆ ಲಾಭ. ಬೇಗ ಬಿಡಿಸಿದರೆ ಆ ಹೆಚ್ಚಿನ ಭಾರವನ್ನು ಹನ್ನೆರಡು ಸುತ್ತೂ ಅವರೇ ಹೊರಬೇಕು, ಎಂಟರ ನಂತರ ಕಾಲು ಸೋಲುತ್ತದೆ. ವೈಲ್ಡರ್ ಹಿಂದಕ್ಕೆ ಹೆಜ್ಜೆ ಹಾಕಲು ಬಾರದ ಆಟಗಾರ. ಉಸಿಕ್ ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮರು. 124 ಕಿಲೋ ತಂತ್ರ ಇಲ್ಲಿ ಪೂರ್ತಿ ಫಲಿಸದು ಎಂದು ನಾನು ಹೇಳುವುದು ಅದಕ್ಕೇ.

ಉಸಿಕ್ ಅವರ ದುರ್ಬಲ ಜಾಗ ಹೊಟ್ಟೆ ಎಂಬ ಮಾತಿದೆ. 2023ರಲ್ಲಿ ಬ್ರಿಟನ್‌ನ ಡೇನಿಯಲ್ ಡುಬ್ವಾ ಹೊಡೆದ ಏಟಿಗೆ ಐದನೇ ಸುತ್ತಿನಲ್ಲಿ ಬಿದ್ದಿದ್ದರು. ರೆಫರಿ ಅದು ಸೊಂಟಪಟ್ಟಿಯ ಕೆಳಗೆ ಬಿತ್ತೆಂದು ಎಣಿಸಲಿಲ್ಲ. ಆ ವಿವಾದ ಇಂದಿಗೂ ಮುಗಿದಿಲ್ಲ. ಫ್ಯೂರಿ ಮೊದಲ ಆರು ಸುತ್ತಿನಲ್ಲಿ ಅಲ್ಲೇ ಪಟ್ಟು ಹಿಡಿದು ಹೊಡೆದರೆ ನನ್ನ ಅಂದಾಜು ತಲೆಕೆಳಗಾಗಬಹುದು.

ನೋಡುವವರು ಕಾಗದ, ಪೆನ್ನು ಇಟ್ಟುಕೊಂಡು ತಾವೇ ಅಂಕ ಹಾಕಿ. ವೀಕ್ಷಕ ವಿವರಣೆಯ ಸದ್ದು ಆರಿಸಿ. ಅದು ಕಣ್ಣನ್ನು ಎಳೆಯುತ್ತದೆ. ಮೊದಲು ಗಮನಿಸಬೇಕಾದ್ದು ಸ್ಪಷ್ಟವಾಗಿ ತಾಗಿದ ಪಂಚ್. ಗ್ಲೌಸ್, ತೋಳಿನ ಮೇಲೆ ಬಿದ್ದದ್ದಕ್ಕೆ ಬೆಲೆಯಿಲ್ಲ. ಅದರಲ್ಲಿ ಸಮವಾದರೆ ಮಾತ್ರ ಮುನ್ನುಗ್ಗಿದವರು ಯಾರು, ತಪ್ಪಿಸಿಕೊಂಡವರು ಯಾರು, ರಿಂಗ್ ಮೇಲೆ ಹಿಡಿತ ಯಾರದು ಎಂದು ನೋಡಿ. ಸುತ್ತು ಮುಗಿದ ಒಂದು ನಿಮಿಷದ ಬಿಡುವಿನಲ್ಲೇ ಬರೆದುಬಿಡಿ. ಮುಂದಿನ ಸುತ್ತು ಶುರುವಾದ ಮೇಲೆ ತಿದ್ದಬೇಡಿ.

ತಮ್ಮಲ್ಲಿ ಎರಡು ಕೋರಿಕೆ. ಶನಿವಾರದ ಸಂಚಿಕೆಯಲ್ಲಿ ಇಬ್ಬರ ತೂಕವನ್ನು ಮೇ ತಿಂಗಳ ತೂಕದ ಪಕ್ಕದಲ್ಲಿಟ್ಟು ಪ್ರಕಟಿಸಿ. ಪಂದ್ಯದ ನಂತರ ಬರೀ ಗೆದ್ದವರ ಹೆಸರಿಗೆ ನಿಲ್ಲಿಸದೆ ಮೂವರು ತೀರ್ಪುಗಾರರ ಸುತ್ತುವಾರು ಪಟ್ಟಿಯನ್ನೂ ಕೊಡಿ. ಮನೆಯಲ್ಲಿ ಅಂಕ ಹಾಕಿದವರು ತಮ್ಮದನ್ನು ಅದರ ಜೊತೆ ತಾಳೆ ನೋಡಲಿ.

— ಬಾಕ್ಸಿಂಗ್ ತರಬೇತುದಾರ, ರಾಬರ್ಟ್‌ಸನ್‌ಪೇಟೆ, ಕೆಜಿಎಫ್, ಕೋಲಾರ ಜಿಲ್ಲೆ