ಆಟ ಕಟ್ಟಿದವರು ಐವರು, ಅಂಕ ಒಬ್ಬನಿಗೆ

ಮಾನ್ಯರೆ,

ನನ್ನ ಮಗಳೂ ಸೇರಿ ಐವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೀದರ್‌ನ ಸರ್ಕಾರಿ ಶಾಲೆಯೊಂದಕ್ಕೆ ಕಂಪ್ಯೂಟರ್ ಆಟ ತಯಾರಿಸಿಕೊಟ್ಟರು. ಬಹಮನಿ ಕಾಲದ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗದಲ್ಲಿ ನೀರನ್ನು ಅರ್ಧ, ಕಾಲು, ಮುಕ್ಕಾಲು ಪಾಲು ಮಾಡಿ ಹರಿಸುತ್ತ ಭಿನ್ನರಾಶಿ ಕಲಿಯುವ ಆಟ. ಮೊದಲ ಸಲ ತೋರಿಸಿದಾಗ ಒತ್ತಕ್ಷರಗಳೆಲ್ಲ ಚದುರಿ ‘ನಮ್ಮ’ ಎಂಬುದು ‘ನಮ್‌ಮ’ ಆಗಿತ್ತು! ಮುಖ್ಯೋಪಾಧ್ಯಾಯಿನಿ ನಕ್ಕು ವಾಪಸು ಕಳಿಸಿದರು. ಇಂಟರ್ನೆಟ್ ಇಲ್ಲದೆಯೂ ನಡೆಯಬೇಕೆಂದರು. ಒಬ್ಬ ಕೋಡ್ ತಿದ್ದಿದ, ಇಬ್ಬರು ಚಿತ್ರ ಬರೆದರು. ಮಗಳು ಮತ್ತು ಅವಳ ಗೆಳತಿ ವಾರಗಟ್ಟಲೆ ತರಗತಿಯಲ್ಲಿ ಕುಳಿತು, ಮಕ್ಕಳು ಎಲ್ಲಿ ತಡವರಿಸುತ್ತಾರೆಂದು ಗುರುತು ಹಾಕಿಕೊಂಡರು. ಕಾಲೇಜಿನಲ್ಲಿ ಈ ಕೆಲಸಕ್ಕೆ ಹೆಚ್ಚು ಅಂಕ ಸಿಕ್ಕಿದ್ದು ಕೋಡ್ ಬರೆದವನಿಗೆ ಮಾತ್ರ. ಆಟ ಬಳಸುವ ಶಾಲೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೆಲಸ ಮಾಡಿಸಿಕೊಂಡವರ ಅಭಿಪ್ರಾಯಕ್ಕೂ ಒಂದಿಷ್ಟು ಅಂಕ ಮೀಸಲಿಡಬಾರದೇಕೆ?

– ಪೋಷಕರೊಬ್ಬರು, ಬೀದರ್