ಶನಿವಾರದ ಸ್ಪರ್ಧೆಗೆ ದುಡಿದ ಎಲ್ಲರಿಗೂ

ಕಳೆದ ಶನಿವಾರ ನಮ್ಮ ಕ್ಲಬ್ಬಿನ ಮೈದಾನದಲ್ಲಿ ರೇಡಿಯೋ ಕಂಟ್ರೋಲ್ ವಿಮಾನಗಳ ಏರೋಬ್ಯಾಟಿಕ್ಸ್, ಅಂದರೆ ಆಕಾಶದಲ್ಲಿ ಕಸರತ್ತು ಮಾಡಿಸುವ ಸ್ಪರ್ಧೆ ನಡೆಯಿತು. ಒಂದೇ ದಿನದ, ಸುತ್ತಮುತ್ತಲಿನವರಿಗಾಗಿ ಮಾಡುವ ಸಣ್ಣ ಸ್ಪರ್ಧೆ. ಕೋವಿಡ್ ಬಂದಾಗ ನಿಂತಿದ್ದು ಮತ್ತೆ ಶುರುವಾಗಿಯೇ ಇರಲಿಲ್ಲ. ಈ ಸಲ ನಾಲ್ಕೂ ಸುತ್ತು ಮುಗಿದವು, ಯಾರಿಗೂ ಪೆಟ್ಟಾಗಲಿಲ್ಲ. ಇಂಡಿಯಾನಾದ ನಮ್ಮ ಕನ್ನಡ ಬಳಗದವರು ಬೆಳಗಿನ ಜಾವವೇ ಎದ್ದು ಬಂದು ದುಡಿಯದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಕ್ಲಬ್ಬಿನವರಿಗೆ ಇಂಗ್ಲಿಷಿನಲ್ಲಿ ಬೇರೆ ಬರೆದಿದ್ದೇನೆ. ಇದು ನಿಮಗೆ.

ಬಂದವರಲ್ಲಿ ಹಲವರು ಅವತ್ತು ಕೇಳಿದರು, ಇದರಲ್ಲಿ ಗೆಲ್ಲೋದು ಹೇಗೆ ಅಂತ. ಓಡಾಟದ ನಡುವೆ ಸರಿಯಾಗಿ ಹೇಳಲು ಆಗಲಿಲ್ಲ. ಇಲ್ಲಿ ವೇಗಕ್ಕೆ ಬೆಲೆ ಇಲ್ಲ. ಪೈಲಟ್ ಒಂದು ನಿಗದಿಯಾದ ಪಟ್ಟಿಯ ಪ್ರಕಾರ ಲೂಪ್, ರೋಲ್, ಸ್ಟಾಲ್ ಟರ್ನ್, ಹಂಪ್ಟಿ ಬಂಪ್, ಸ್ಪಿನ್ ಹೀಗೆ ಕಸರತ್ತುಗಳನ್ನು ಒಂದಾದ ಮೇಲೊಂದು ಹಾರಿಸುತ್ತಾ ಹೋಗಬೇಕು. ಪ್ರತಿಯೊಂದಕ್ಕೂ ಜಡ್ಜ್ 10ರಿಂದ ಶುರು ಮಾಡಿ ತಪ್ಪು ಕಂಡ ಹಾಗೆ ಕಳೆಯುತ್ತಾರೆ. ವಿಮಾನ ಸಾಗುವ ಗೆರೆ 15 ಡಿಗ್ರಿ ವಾಲಿದರೆ ಒಂದು ಅಂಕ ಹೋಯಿತು ಅನ್ನುವುದು ಒಂದು ಮುಖ್ಯ ಅಳತೆ. ಕಷ್ಟದ ಕಸರತ್ತಿಗೆ ಕೆ ಫ್ಯಾಕ್ಟರ್ ಜಾಸ್ತಿ. ಜಡ್ಜ್ ಕೊಟ್ಟ ಅಂಕವನ್ನು ಅದರಿಂದ ಗುಣಿಸುತ್ತಾರೆ. ಪೈಲಟ್‌ಗಳ ಅನುಭವಕ್ಕೆ ತಕ್ಕಂತೆ ಬೇರೆ ಬೇರೆ ವರ್ಗಗಳಿವೆ. ಆ ಸುತ್ತಿನಲ್ಲಿ ಆಯಾ ವರ್ಗಕ್ಕೆ ಮೊದಲು ಬಂದವರಿಗೆ 1000, ಉಳಿದವರಿಗೆ ಅದರ ಲೆಕ್ಕದಲ್ಲಿ. ನಾಲ್ಕು ಸುತ್ತಿನಲ್ಲಿ ಕಡಿಮೆ ಬಂದ ಒಂದನ್ನು ಬಿಟ್ಟುಬಿಡುತ್ತೇವೆ.

ಇದೇ ಆಟದ ದೊಡ್ಡ ರೂಪ ಎಫ್3ಎ ಅನ್ನುವ ಅಂತರರಾಷ್ಟ್ರೀಯ ವರ್ಗ. ಎರಡು ಮೀಟರ್ ಉದ್ದ, ಎರಡು ಮೀಟರ್ ರೆಕ್ಕೆ, 5 ಕಿಲೋ ತೂಕದ ಮಿತಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1960ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ಆಯಿತು. 2011ರದು ನಮ್ಮದೇ ರಾಜ್ಯದ ಮನ್ಸಿಯಲ್ಲಿ. ಅಮೆರಿಕದ ಏರೋಮಾಡೆಲಿಂಗ್ ಅಕಾಡೆಮಿ ಎಎಂಎಯ ಮುಖ್ಯ ಕಚೇರಿ ಇರುವುದೂ ಅಲ್ಲೇ. ಅಷ್ಟು ದೊಡ್ಡ ಜಾಗ ಹತ್ತಿರದಲ್ಲಿರುವಾಗ ಈ ಸಣ್ಣ ಸ್ಪರ್ಧೆ ಯಾಕೆ ಅಂತ ಒಬ್ಬರು ಕೇಳಿದ್ದರು. ನನ್ನ ಮಟ್ಟಿಗೆ ಇದೇ ಮುಖ್ಯ. ಯಾವತ್ತೂ ಸ್ಪರ್ಧೆಗೆ ಇಳಿಯದವರು ಮೊದಲ ಸಲವೇ ರಾಷ್ಟ್ರೀಯ ಮಟ್ಟಕ್ಕೆ ಹೋಗುವುದಿಲ್ಲ. ರಜೆ ಹಾಕಬೇಕು, ಹೋಟೆಲ್ ಮಾಡಬೇಕು, ಎದೆ ಢವಢವ ಅನ್ನುತ್ತೆ. ಶನಿವಾರ ಬೆಳಗ್ಗೆ ಹೊರಟು ಸಂಜೆ ಮನೆ ಸೇರುವ ಹಾಗಿದ್ದರೆ, ಇರುವ ವಿಮಾನವನ್ನೇ ತಂದು ಹೊಸಬರ ಸ್ಪೋರ್ಟ್ಸ್‌ಮನ್ ವರ್ಗದಲ್ಲಿ ಹಾರಿಸಬಹುದು. ಇಂಥವು ನಿಂತರೆ ಮೇಲಿನ ಹಂತಗಳಿಗೆ ಹೊಸಬರು ಎಲ್ಲಿಂದ ಬರಬೇಕು ಹೇಳಿ.

ಎಲ್ಲರಿಗಿಂತ ಮೊದಲು ಕೈ ಮುಗಿಯಬೇಕಾದ್ದು ಸ್ಕ್ರೈಬ್‌ಗಳಿಗೆ, ಅಂದರೆ ಜಡ್ಜ್ ಹೇಳಿದ ಅಂಕ ಬರೆದುಕೊಳ್ಳುವವರಿಗೆ. ಇಡೀ ದಿನ ಕ್ಲಿಪ್‌ಬೋರ್ಡ್ ಹಿಡಿದು ಕೂತ ನಮ್ಮ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು. ಜಡ್ಜ್ ವಿಮಾನದಿಂದ ಕಣ್ಣು ತೆಗೆಯುವ ಹಾಗಿಲ್ಲ. ಒಂದು ಕಸರತ್ತು ಮುಗಿದ ತಕ್ಷಣ ಬಾಯಲ್ಲಿ "ಏಳೂವರೆ" ಅನ್ನುತ್ತಾರೆ, ಅಷ್ಟರಲ್ಲಿ ಮುಂದಿನದು ಶುರುವಾಗಿರುತ್ತೆ. ಪಕ್ಕದಲ್ಲಿದ್ದವರು ಅದನ್ನು ಸರಿಯಾದ ಸಾಲಿನಲ್ಲಿ ಬರೆಯಬೇಕು. ಒಂದು ಸಾಲು ಜಾರಿದರೆ ಅಲ್ಲಿಂದಾಚೆ ಪ್ರತಿ ಅಂಕಕ್ಕೂ ಬೇರೆ ಕೆ ಫ್ಯಾಕ್ಟರ್ ಬಿದ್ದು ಪೂರ್ತಿ ಹಾರಾಟದ ಲೆಕ್ಕವೇ ಕೆಡುತ್ತೆ. ಒಂದೊಂದು ಹಾರಾಟವೂ ಎಂಟು ಹತ್ತು ನಿಮಿಷ, ಮಧ್ಯೆ ಉಸಿರಾಡಲು ಪುರುಸೊತ್ತಿಲ್ಲ. ಪೈಲಟ್‌ಗಳನ್ನೇ ಈ ಕೆಲಸಕ್ಕೆ ಕೂರಿಸೋಣ ಅಂದರೆ, ಸಣ್ಣ ಸ್ಪರ್ಧೆಗಳಲ್ಲಿ ಅವರೇ ಬೇರೆ ವರ್ಗಗಳಿಗೆ ಜಡ್ಜ್ ಕೂಡ ಆಗಿರುತ್ತಾರೆ. ಹಾರಿಸಿ, ಇಳಿಸಿ, ಬ್ಯಾಟರಿ ಚಾರ್ಜಿಗೆ ಹಾಕಿ, ನೇರ ಜಡ್ಜ್ ಕುರ್ಚಿಗೆ. ಅದರ ಮೇಲೆ ಬರೆಯುವುದೂ ಅವರದೇ ಅಂದರೆ ಎಲ್ಲರೂ ಮಧ್ಯಾಹ್ನದ ಹೊತ್ತಿಗೆ ಸುಸ್ತು.

ನಮ್ಮ ಮಕ್ಕಳು ಇದನ್ನು ಸುಮ್ನೆ ಬಂದು ಮಾಡಿದ್ದಲ್ಲ. ಎರಡು ವಾರ ಮೊದಲೇ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕಲಿತರು. ಕಲಿಸಿದವರು ಹಿಂದೆ ಎಷ್ಟೋ ವರ್ಷ ಈ ಸ್ಪರ್ಧೆಯನ್ನು ನಡೆಸಿದ ಹಿರಿಯರು. ಮಂಡಿ ನೋವಿದ್ದರೂ ಮೆಟ್ಟಿಲಿಳಿದು ಬಂದರು. ಕೋಲಿನ ತುದಿಗೆ ಸಿಕ್ಕಿಸಿದ ಪುಟ್ಟ ವಿಮಾನ ಹಿಡಿದು ಪ್ರತಿ ಕಸರತ್ತನ್ನೂ ನಿಧಾನವಾಗಿ ತೋರಿಸಿದರು. ಗಾಳಿ ಅಡ್ಡ ಬೀಸುವಾಗ ವಿಮಾನದ ಮೂಗು ಓರೆಯಾಗಿ ಕಂಡರೂ ಅದು ಸಾಗುವ ದಾರಿ ನೆಟ್ಟಗಿದ್ದರೆ ಅಂಕ ಕಳೆಯುವುದಿಲ್ಲ ಅನ್ನುವುದನ್ನು ಅವರಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ನೋಡಿಲ್ಲ. ಸ್ಕ್ರೈಬ್‌ಗೆ ಇದೆಲ್ಲ ಗೊತ್ತಿರಲೇಬೇಕು ಅಂತೇನಿಲ್ಲ. ಆದರೆ ಏನು ನಡೆಯುತ್ತಿದೆ ಅಂತ ತಿಳಿದವರು ಸಾಲು ತಪ್ಪುವುದಿಲ್ಲ ಅನ್ನುವುದು ಅವರ ನಂಬಿಕೆ. ಶನಿವಾರ ಅದು ನಿಜವಾಯಿತು. ಸಂಜೆ ಅಂಕಗಳ ಹಾಳೆ ನೋಡಿದಾಗ ಒಂದೂ ಸಾಲು ಜಾರಿರಲಿಲ್ಲ. ಹೈಸ್ಕೂಲ್ ಮಕ್ಕಳಿಗೆ ಸ್ವಯಂಸೇವೆಯ ಗಂಟೆಗಳ ಪತ್ರಕ್ಕೆ ಸಹಿ ಹಾಕುವಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಸಮಯದ ಮಾತು ಹೇಳಲೇಬೇಕು. ಹನ್ನೆರಡು ಜನ, ನಾಲ್ಕು ಸುತ್ತು ಅಂದರೆ 48 ಹಾರಾಟ. ಒಂದಕ್ಕೆ ಹತ್ತು ನಿಮಿಷ ಹಿಡಿದರೂ ಎಂಟು ಗಂಟೆ. ಊಟ ಬೇರೆ ಇದೆ. ಸಂಜೆ ಮಳೆ ಅಂತ ಮುನ್ಸೂಚನೆ ಇತ್ತು. ಹಾಗಾಗಿ ಒಬ್ಬರು ಇಳಿಸುತ್ತಿರುವಾಗಲೇ ಮುಂದಿನವರು ವಿಮಾನ ಹಿಡಿದು ರನ್‌ವೇ ಪಕ್ಕ ತಯಾರಿರಬೇಕು. ಆ ಸಾಲು ನೋಡಿಕೊಂಡ ನಮ್ಮ ಗೆಳೆಯರು ವಿಮಾನ ಹಾರಿಸಿದವರೇ ಅಲ್ಲ, ಗೋದಾಮಿನಲ್ಲಿ ಲಾರಿಗಳ ಸರದಿ ನೋಡಿಕೊಳ್ಳುವವರು. ಯಾರ ಬ್ಯಾಟರಿ ಚಾರ್ಜ್ ಆಗಿದೆ, ಯಾರು ಜಡ್ಜ್ ಕುರ್ಚಿಯಲ್ಲಿದ್ದಾರೆ, ಯಾರನ್ನು ಎರಡು ಸರದಿ ಹಿಂದೆ ಹಾಕಬೇಕು, ಎಲ್ಲವೂ ಅವರ ತಲೆಯಲ್ಲಿತ್ತು. ಮಧ್ಯಾಹ್ನ ಗಾಳಿ ತಿರುಗಿ ಅಡ್ಡ ಬೀಸಲು ಶುರುವಾದಾಗಲೂ ಸರದಿ ನಿಲ್ಲಲಿಲ್ಲ. ಮೊದಲ ಹನಿ ಬೀಳುವಾಗ ನಾವು ಕುರ್ಚಿ ಮಡಚುತ್ತಿದ್ದೆವು.

ರಿಜಿಸ್ಟ್ರೇಷನ್ ಟೇಬಲ್ಲಿನಲ್ಲಿ ಕೂತ ಅಕ್ಕಂದಿರಿಗೂ ವಂದನೆ. ಎಎಂಎ ಕಾರ್ಡು, ಹವ್ಯಾಸಕ್ಕೆ ಹಾರಿಸುವವರ ಸುರಕ್ಷತೆಯ ಟ್ರಸ್ಟ್ (TRUST) ಪರೀಕ್ಷೆ ಪಾಸಾದ ಪತ್ರ, ವಿಮಾನದ ಮೇಲೆ ಬರೆದ, ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಟ್ಟ ನಂಬರ್, ಎಲ್ಲವನ್ನೂ ನೋಡಿದರು. ಹಾರುವಾಗ ವಿಮಾನ ತನ್ನ ಗುರುತನ್ನೂ ಇರುವ ಜಾಗವನ್ನೂ ರೇಡಿಯೋದಲ್ಲಿ ಸಾರುತ್ತಿರಬೇಕು ಅನ್ನುವ ರಿಮೋಟ್ ಐಡಿ ನಿಯಮ 2024ರ ಮಾರ್ಚ್ 16ರಿಂದ ಪೂರ್ತಿ ಬಿಗಿಯಾಗಿದೆ. ನಮ್ಮ ಮೈದಾನಕ್ಕೆ ಎಫ್‌ಎಎ ಮಾನ್ಯತೆ ಇರುವುದರಿಂದ ಅದರ ಗಡಿಯೊಳಗೆ ರಿಮೋಟ್ ಐಡಿ ಸಾಧನ ಇಲ್ಲದೆಯೂ ಹಾರಿಸಬಹುದು. ದೂರದಿಂದ ಬಂದವರಿಗೆ ಆ ಗಡಿಯನ್ನು ನಕ್ಷೆಯಲ್ಲಿ ತೋರಿಸಿ, ಎಲ್ಲಿಂದಾಚೆ ಹೋಗಬಾರದು ಅಂತ ತಾಳ್ಮೆಯಿಂದ ಹೇಳಿದ್ದು ಅವರೇ.

ಜಮೀನಿನ ಯಜಮಾನರಿಗೆ ಈ ಬರಹವನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತೇನೆ. ಸುತ್ತ ಮೆಕ್ಕೆಜೋಳ, ಸೋಯಾ ಬೆಳೆಯುವ ನೆಲದಲ್ಲಿ ನಮಗೆ ಅಂತ ಒಂದು ಪಟ್ಟಿ ಹುಲ್ಲು ಬಿಟ್ಟಿದ್ದಾರೆ. ಹಾರಿಸುವವರು ಉತ್ತರಕ್ಕೆ ಮುಖ ಮಾಡಿ ನಿಲ್ಲುವಂತೆ ರನ್‌ವೇ ಇದೆ, ಇಡೀ ದಿನ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಈ ಆಟಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಅಷ್ಟು ನೆಲವನ್ನೂ ಬಿತ್ತಿದ್ದರೆ ಅವರಿಗೆ ಹಣ ಬರುತ್ತಿತ್ತು, ಅಲ್ವಾ? ಪಕ್ಕದ ಮನೆಯವರು ತಮ್ಮ ಕುದುರೆಗಳನ್ನು ಒಂದು ದಿನದ ಮಟ್ಟಿಗೆ ಆಚೆ ಕಡೆಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋದರು. ಕ್ಲಬ್ಬಿನ ಇಬ್ಬರು ಗುರುವಾರ, ಶುಕ್ರವಾರ ಎರಡೂ ಸಂಜೆ ಹುಲ್ಲು ಕತ್ತರಿಸಿದರು. ಯಾರೂ ಹೇಳಿರಲಿಲ್ಲ.

ಊಟದ ಬಗ್ಗೆ ಎಲ್ಲರೂ ಹೊಗಳಿದರು, ನಾನು ಬೇರೆ ಕಾರಣಕ್ಕೆ ನೆನೆಯುತ್ತೇನೆ. ನಮ್ಮಲ್ಲಿದ್ದ ಜನರೇಟರುಗಳೆಲ್ಲ ಬ್ಯಾಟರಿ ಚಾರ್ಜಿಗೇ ಬೇಕಿದ್ದವು. ದೊಡ್ಡ ವಿಮಾನಗಳಿಗೆ ಹತ್ತು ಸೆಲ್ಲಿನ ಲಿಥಿಯಂ ಪಾಲಿಮರ್ ಪ್ಯಾಕ್ ಬೇಕು, ಅದು ಕರೆಂಟು ಕುಡಿಯುತ್ತೆ. ಊಟ ಬಿಸಿ ಮಾಡಲು ಒಂದು ಪ್ಲಗ್ಗೂ ಉಳಿದಿರಲಿಲ್ಲ. ಪುಳಿಯೋಗರೆ, ಕೋಸಂಬರಿ, ಐಸ್ ಪೆಟ್ಟಿಗೆಯಲ್ಲಿ ಮೊಸರನ್ನ ಅಂತ ಯೋಚಿಸಿ ಮಾಡಿದ ಮನೆಗಳಿಗೆ ನಮಸ್ಕಾರ. ಅರ್ಧ ಗಂಟೆಯಲ್ಲಿ ಎಲ್ಲರ ಊಟ ಮುಗಿಯಿತು.

ಇನ್ನೊಂದು ವಿಷಯ. ಸ್ಪೋರ್ಟ್ಸ್‌ಮನ್ ವರ್ಗದಲ್ಲಿ ಮೊದಲ ಸಲ ಹಾರಿಸಿದ ಹುಡುಗಿಯ ಫೋಮ್ ವಿಮಾನ ಎರಡನೇ ಸುತ್ತಿನಲ್ಲಿ ಇಳಿಯುವಾಗ ಲ್ಯಾಂಡಿಂಗ್ ಗೇರ್ ಕಿತ್ತುಕೊಂಡಿತು. ಅವಳು ಪೆಟ್ಟಿಗೆ ಕಟ್ಟಲು ಹೊರಟಿದ್ದಳು. ಮೇಲಿನ ಹಂತದ ಮಾಸ್ಟರ್ಸ್ ವರ್ಗದ ಇಬ್ಬರು ತಮ್ಮ ಸರದಿ ಬಿಟ್ಟುಕೊಟ್ಟು, ನೆಲದ ಮೇಲೆ ಕೂತು, ಅಂಟು ಹಾಕಿ, ಪ್ಲೈವುಡ್ ತುಂಡು ಕೂರಿಸಿ ಸರಿ ಮಾಡಿಕೊಟ್ಟರು. ಮುಂದಿನ ಸುತ್ತಿನಲ್ಲಿ ಅವಳ ಹಿಂದೆ ನಿಂತು ಕಾಲರ್ ಆಗಿ ಒಂದೊಂದೇ ಕಸರತ್ತಿನ ಹೆಸರು ಹೇಳುತ್ತಾ ಹೋದವರೂ ಅವರಲ್ಲೇ ಒಬ್ಬರು. ಆ ಸುತ್ತು ಅವಳ ದಿನದ ಅತಿ ಒಳ್ಳೆಯ ಸುತ್ತು. ಅವರಿಬ್ಬರಿಗೂ ನಾನು ತುಂಬಾ ಋಣಿ.

ಮನೆಯಲ್ಲಿ ತಿಂಗಳುಗಟ್ಟಲೆ ಊಟದ ಮೇಜಿನ ಮೇಲೆ ಅಂಕದ ಹಾಳೆಗಳನ್ನು ಸಹಿಸಿಕೊಂಡ ಹೆಂಡತಿಗೂ ಮಗನಿಗೂ ಇಲ್ಲೇ ಥ್ಯಾಂಕ್ಸ್ ಹೇಳುತ್ತೇನೆ.

ಮುಂದಿನ ವರ್ಷದ ದಿನಾಂಕವನ್ನು ಯಜಮಾನರ ಹತ್ತಿರ ಮಾತಾಡಿ ತಿಳಿಸುತ್ತೇನೆ. ಜಡ್ಜಿಂಗ್ ಕಲಿಯುವ ಆಸೆ ಇದೆ ಅಂತ ಮೂವರು ಮಕ್ಕಳು ಆಗಲೇ ಕೇಳಿದ್ದಾರೆ, ಹಿರಿಯರೂ ಒಪ್ಪಿದ್ದಾರೆ. ಚಳಿಗಾಲದಲ್ಲಿ ಮತ್ತೆ ನಮ್ಮ ಬೇಸ್‌ಮೆಂಟಿನಲ್ಲೇ ಸೇರೋಣ. ದೊಡ್ಡವರೂ ಬರಬಹುದು. ಊಟದ ಸ್ಟೀಲ್ ಡಬ್ಬಿಗಳೆಲ್ಲ ತೊಳೆದು ನಮ್ಮ ಮನೆಯಲ್ಲಿಟ್ಟಿದ್ದೇವೆ, ಈ ವಾರ ಯಾವಾಗ ಬೇಕಾದರೂ ಬಂದು ತೆಗೆದುಕೊಂಡು ಹೋಗಿ.