ದೂರು: ನನ್ನ ಸಂಗೀತ ಕಛೇರಿ ಫೈಲ್‌ಗಳ ಹೆಸರು, ಟ್ಯಾಗ್ ಕೇಳದೆ ಬದಲಾಯಿಸಿದ್ದು

ಇಂದ,
ನಿಮ್ಮ ವಾರ್ಷಿಕ ಚಂದಾದಾರ,
ಸರಸ್ವತಿಪುರಂ, ಮೈಸೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಮ್ಯೂಸಿಕ್ ಲೈಬ್ರರಿ ಆ್ಯಪ್‌ನಿಂದ ಹಾಳಾದ ಫೈಲ್ ಹೆಸರು ಮತ್ತು ಟ್ಯಾಗ್‌ಗಳನ್ನು ಮೊದಲಿನಂತೆ ಮಾಡಿಕೊಡುವ ಬಗ್ಗೆ

ಮಾನ್ಯರೇ,

ನಿಮ್ಮ ಆ್ಯಪ್‌ನ ಹೊಸ ಆವೃತ್ತಿ ನನ್ನ ಕಂಪ್ಯೂಟರ್‌ನಲ್ಲಿದ್ದ ಆಡಿಯೋ ಫೈಲ್‌ಗಳ ಹೆಸರನ್ನೂ ಅವುಗಳ ಒಳಗೆ ಹಾಡು, ಗಾಯಕರು ಮುಂತಾದ ವಿವರ ಬರೆದಿಟ್ಟಿದ್ದ ಟ್ಯಾಗ್‌ಗಳನ್ನೂ ನನ್ನನ್ನು ಒಂದು ಮಾತೂ ಕೇಳದೆ ಬದಲಾಯಿಸಿದೆ. ಸರಿಮಾಡಿಕೊಡಿ ಎಂದು ನಿಮ್ಮ ಸಹಾಯವಾಣಿಗೆ ಬರೆದೆ. ಆ್ಯಪ್ ತೆಗೆದು ಮತ್ತೆ ಹಾಕಿ ಎಂದರು. ಆಮೇಲೆ ಕನ್ನಡ ಫಾಂಟ್ ಹಾಕಿಕೊಳ್ಳಿ ಎಂದರು. ಎರಡೂ ಈ ತೊಂದರೆಗೆ ಸಂಬಂಧವಿಲ್ಲದ ಮಾತು. ಹಾಗಾಗಿ ಈ ಪತ್ರ, ಸ್ವಲ್ಪ ಉದ್ದವಾಗಿಯೇ.

ಇವು ಅಂಗಡಿಯಲ್ಲಿ ಕೊಂಡ ಹಾಡುಗಳಲ್ಲ. ನಮ್ಮ ತಂದೆ ಮೈಸೂರಿನ ಸಂಗೀತ ಕಛೇರಿಗಳಿಗೆ, ಅದರಲ್ಲೂ ಗಣೇಶನ ಹಬ್ಬಕ್ಕೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಪೆಂಡಾಲಿಗೆ, ಟೇಪ್ ರೆಕಾರ್ಡರ್ ಹಿಡಿದು ಹೋಗಿ ಮಾಡಿಕೊಂಡ ರೆಕಾರ್ಡಿಂಗ್‌ಗಳು. ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿಯಲು ಶುರುವಾದಾಗ ಕಂಪ್ಯೂಟರಿಗೆ ಇಳಿಸಿದೆ. ಇಳಿಸುವುದು ಏನೂ ಕಷ್ಟವಿಲ್ಲ, ಕ್ಯಾಸೆಟ್ ಓಡಿದಷ್ಟು ಹೊತ್ತು ಕಾದರಾಯಿತು. ಹೆಸರು ಹಾಕುವುದೇ ದೊಡ್ಡ ಕೆಲಸ. ರಾಗ ಯಾವುದು, ತಾಳ ಯಾವುದು, ರಚನೆ ಯಾರದು, ಪಿಟೀಲು ಯಾರು, ಮೃದಂಗ ಯಾರು. ಕವರ್ ಒಳಗಿನ ಚೀಟಿಯಲ್ಲಿ ಅಪ್ಪ ಪೆನ್ಸಿಲಿನಲ್ಲಿ ಗೀಚಿದ್ದನ್ನು ಓದಿ, ಗೊತ್ತಾಗದ್ದನ್ನು ಪಕ್ಕದ ರಸ್ತೆಯ ಸಂಗೀತದ ಮೇಷ್ಟ್ರಿಗೆ ಕೇಳಿಸಿ, ಒಂದೊಂದೇ ತುಂಬಿದ್ದು. ಮೇಷ್ಟ್ರ ಶಿಷ್ಯರು ಇವತ್ತಿಗೂ ಪಾಠಕ್ಕೆ ಇದೇ ಫೈಲ್‌ಗಳನ್ನು ಕೇಳುತ್ತಾರೆ.

ಒಂದು ಫೈಲಿನ ಹೆಸರು ಹೀಗಿತ್ತು: "1987 ಗಣೇಶ ಹಬ್ಬ - 03 - ಖರಹರಪ್ರಿಯ - ಆದಿ". ಮೂರರ ಹಿಂದೆ ಸೊನ್ನೆ ಸುಮ್ನೆ ಹಾಕಿದ್ದಲ್ಲ. ಅದಿಲ್ಲದಿದ್ದರೆ ಎಷ್ಟೋ ಪ್ಲೇಯರ್‌ಗಳು 1 ಆದ ಮೇಲೆ 10ಕ್ಕೆ ಹಾರಿ, ಆಮೇಲೆ 2ಕ್ಕೆ ಬರುತ್ತವೆ. ಕಾರಿಗೆ ಪೆನ್‌ಡ್ರೈವ್ ಹಾಕಿ ಕೇಳುವವರಿಗೆ ಇದು ಚೆನ್ನಾಗಿ ಗೊತ್ತು. ಈಗ ಅದೇ ಫೈಲ್ "ಟ್ರ್ಯಾಕ್ 3 - ಅನ್‌ನೋನ್ ಆರ್ಟಿಸ್ಟ್" ಆಗಿದೆ. ಬೇರೆ ಬೇರೆ ವರ್ಷದ ಕಛೇರಿಗಳಲ್ಲೂ ಟ್ರ್ಯಾಕ್ 3 ಇರುತ್ತದಲ್ಲ, ಅವಕ್ಕೆಲ್ಲ ಬ್ರಾಕೆಟ್ಟಿನಲ್ಲಿ 2, 3, 4 ಅಂತ ಬಾಲ ಬೆಳೆದಿದೆ. ಒಳಗೆ ಟ್ಯಾಗ್ ನೋಡಿದರೆ ರಾಗದ ಹೆಸರಿದ್ದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳ ಸಾಲು.

ಇದಕ್ಕೇ ನಿಮ್ಮವರು ಫಾಂಟ್ ಹಾಕಿಕೊಳ್ಳಿ ಎಂದದ್ದು. ಫಾಂಟ್ ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ, ಫಾಂಟ್ ಹಾಕಿದ ಕೂಡಲೇ ಅಕ್ಷರ ಬರುತ್ತದೆ. ಪ್ರಶ್ನೆ ಚಿಹ್ನೆ ಬಂದಿದೆ ಎಂದರೆ ಕನ್ನಡ ತಿಳಿಯದ ಹಳೆಯ ಲ್ಯಾಟಿನ್ ಅಕ್ಷರ ಪಟ್ಟಿಗೆ ಪರಿವರ್ತಿಸಿ, ಅದನ್ನೇ ಫೈಲಿಗೆ ವಾಪಸ್ ಬರೆದಿದ್ದೀರಿ ಎಂದರ್ಥ. ಅಲ್ಲಿ ಅಕ್ಷರವೇ ಉಳಿದಿಲ್ಲ. ಯಾವ ಫಾಂಟ್ ಹಾಕಿದರೂ ಬರುವುದಿಲ್ಲ.

ಕನ್ನಡ ಉಳಿಯದ್ದು ಟ್ಯಾಗ್ ಮಾದರಿಯ ಮಿತಿ ಎಂದೂ ನಿಮ್ಮವರೊಬ್ಬರು ಬರೆದಿದ್ದರು. ಯಾವ ಕಾಲದ ಮಿತಿ ಸ್ವಾಮಿ? ಎಂಪಿ3 ಟ್ಯಾಗ್‌ಗಳ ಮಾದರಿಯಾದ ಐಡಿ3ಯ 1996ರ ಮೊದಲ ಆವೃತ್ತಿಯಲ್ಲಿ ಹೌದು, ಎಂಪಿ3 ಫೈಲಿನ ಕೊನೆಯ 128 ಬೈಟ್‌ಗಳಲ್ಲಿ ಎಲ್ಲವೂ ಮುಗಿಯಬೇಕಿತ್ತು, ಹಾಡಿನ ಹೆಸರಿಗೆ 30 ಬೈಟ್ ಅಷ್ಟೇ. ಎಲ್ಲ ಭಾಷೆಯ ಅಕ್ಷರ ಬರೆಯಬಲ್ಲ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಖರಹರಪ್ರಿಯ ಅಂತ ಬರೆದರೆ 27 ಬೈಟ್ ಆಗುತ್ತದೆ, ತಾಳಕ್ಕೆ ಜಾಗವೇ ಇರುವುದಿಲ್ಲ. ಆದರೆ ಎರಡನೇ ತಲೆಮಾರಿನ ಐಡಿ3 ಬಂದು ಕಾಲು ಶತಮಾನ ದಾಟಿದೆ. ಅದರ 2.3 ಆವೃತ್ತಿಯಲ್ಲಿ 16 ಬಿಟ್ ಯೂನಿಕೋಡ್ ಇದೆ, 2000ದಲ್ಲಿ ಬಂದ 2.4ರಲ್ಲಿ ಯುಟಿಎಫ್-8 ಕೂಡ ಇದೆ. ಎರಡರಲ್ಲೂ ಕನ್ನಡ ಆರಾಮಾಗಿ ಕೂರುತ್ತದೆ. ನನ್ನ ಫೈಲ್‌ಗಳು 2.3ರಲ್ಲಿದ್ದವು, ನಿಮ್ಮದೇ ಆ್ಯಪ್‌ನ ಹಳೆಯ ಆವೃತ್ತಿಯಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು.

ಕೆಲವು ಫೈಲ್‌ಗಳಿಗೆ ಹೆಸರು ಇಂಗ್ಲಿಷ್ ಅಕ್ಷರದಲ್ಲಿತ್ತು. ಅವು ಉಳಿದುಕೊಂಡವು ಅಂದುಕೊಂಡರೆ, ಅವುಗಳ ಗತಿ ಇನ್ನೊಂದು ಥರ. ನಿಮ್ಮ ಆ್ಯಪ್ ಆ ಹೆಸರುಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕಿದ್ದನ್ನು ಅಂಟಿಸಿದೆ. ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ "ಬ್ರೋಚೇವಾರೆವರುರಾ" ಕೃತಿಗೆ ಒಂದು ತೆಲುಗು ಸಿನಿಮಾದ ಪೋಸ್ಟರ್ ಬಂದು ಕೂತಿದೆ. ಗಾಯಕರ ಹೆಸರು ಹಾರಿಹೋಗಿ, ರಚನೆಕಾರರ ಜಾಗದಲ್ಲಿದ್ದ ಆಚಾರ್ಯರು ಗಾಯಕರ ಜಾಗಕ್ಕೆ ಬಂದಿದ್ದಾರೆ. ಕಛೇರಿ ನಡೆದದ್ದು 1987ರಲ್ಲಿ. ಆಚಾರ್ಯರು ತೀರಿಕೊಂಡದ್ದು 1961ರಲ್ಲಿ. ಸಿನಿಮಾ ಹಾಡಿಗೆ ರಚನೆ ಯಾರದೆಂದು ಜನ ಅಷ್ಟಾಗಿ ನೋಡದಿರಬಹುದು, ಕರ್ನಾಟಕ ಸಂಗೀತದಲ್ಲಿ ಗಾಯಕರಷ್ಟೇ ಮುಖ್ಯ ಆ ಹೆಸರು. ಐಡಿ3ಯಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇರುವುದು ಅದಕ್ಕೇ ಅಲ್ವಾ?

ಇಂಗ್ಲಿಷ್ ಹೆಸರಿನ ಈ ಫೈಲ್‌ಗಳ ಟ್ರ್ಯಾಕ್ ನಂಬರ್ ಅಳಿಸಿದ್ದರಿಂದ ಕಛೇರಿಗಳು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ನಡೆಯುತ್ತಿವೆ. ಕೊನೆಗೆ ಬರಬೇಕಾದ ಮಂಗಳ ಹಾಡಿ ಆದ ಮೇಲೆ ತನಿ ಆವರ್ತನ, ಅಂದರೆ ಮೃದಂಗದವರ ಸರದಿ, ತನಿ ಮುಗಿದ ಮೇಲೆ ಶುರುವಿನಲ್ಲಿ ಹಾಡುವ ವರ್ಣ. ತನಿ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಮಂಗಳ ಆದ ಮೇಲೆ ತನಿ ನುಡಿಸಿದವರನ್ನು ಮಾತ್ರ ನೋಡಿಲ್ಲ.

ಎಲ್ಲಕ್ಕಿಂತ ತುರ್ತಾದದ್ದು "ಡೂಪ್ಲಿಕೇಟ್" ಫೋಲ್ಡರ್. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 30 ನಿಮಿಷ. ಕಲ್ಯಾಣಿ ರಾಗದ ಆಲಾಪನೆ ಒಳ್ಳೆ ಏರುತ್ತಿರುವಾಗ ಬದಿ ಮುಗಿದು, ಕ್ಯಾಸೆಟ್ ತಿರುಗಿಸಿ ಹಾಕಿದ ಮೇಲೆ ಮುಂದುವರಿದದ್ದು ಬೇಕಾದಷ್ಟಿದೆ. ಅಂಥ ಎರಡು ತುಂಡುಗಳಿಗೂ ಟ್ಯಾಗ್‌ನಲ್ಲಿ ಒಂದೇ ಹೆಸರಿಟ್ಟು, ಎ ಬದಿ, ಬಿ ಬದಿ ಎಂದು ಕಾಮೆಂಟ್ ಜಾಗದಲ್ಲಿ ಬರೆದಿದ್ದೆ. ನಿಮ್ಮ ಆ್ಯಪ್ ಕಾಮೆಂಟ್ ಅಳಿಸಿ, ಹೆಸರು ಒಂದೇ ಇದೆ ಎಂದು ಬಿ ಬದಿಯನ್ನು ಡೂಪ್ಲಿಕೇಟ್ ಫೋಲ್ಡರಿಗೆ ತಳ್ಳಿದೆ. ಒಬ್ಬರೇ ಗಾಯಕರು ಎರಡು ಬೇರೆ ವರ್ಷ ಹಾಡಿದ ಕಲ್ಯಾಣಿಗೂ ಇದೇ ಗತಿ. ಆ ಫೋಲ್ಡರ್ 30 ದಿನಕ್ಕೆ ತಾನಾಗಿಯೇ ಖಾಲಿಯಾಗುತ್ತದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಬರೆದಿದೆ. ಅದರಲ್ಲಿದ್ದುದನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟಿದ್ದೇನೆ. ಇದು ಗೊತ್ತಿಲ್ಲದ ಗ್ರಾಹಕರು ಏನು ಮಾಡಬೇಕು?

"ನಿಮ್ಮ ಆಡಿಯೋ ಸುರಕ್ಷಿತವಾಗಿದೆ" ಎಂದು ನಿಮ್ಮ ಉತ್ತರಗಳಲ್ಲಿ ಮತ್ತೆ ಮತ್ತೆ ಬಂದಿದೆ. ಧ್ವನಿಗೆ ಏನೂ ಆಗಿಲ್ಲ, ಒಪ್ಪುತ್ತೇನೆ. ಆದರೆ "ಮೃದಂಗದವರು ತಡವಾಗಿ ಬಂದರು, ಮೊದಲ ಕೃತಿಗೆ ಬರೀ ಪಿಟೀಲು", "ಇಲ್ಲಿ ಕರೆಂಟ್ ಹೋಯಿತು, ಮೈಕ್ ಇಲ್ಲದೆ ಹಾಡಿದ್ದು" ಎಂದು ಅಪ್ಪನ ಚೀಟಿಯಿಂದ ಕಾಮೆಂಟಿನಲ್ಲಿ ಇಳಿಸಿದ್ದ ಸಾಲುಗಳು ಧ್ವನಿಯಲ್ಲಿ ಸಿಗುವುದಿಲ್ಲ. ಯಾರು ನುಡಿಸಿದ್ದು ಎಂಬುದೇ ಹೋದರೆ ಆ ರೆಕಾರ್ಡಿಂಗಿನಲ್ಲಿ ಅರ್ಧ ಹೋದ ಹಾಗೆ. ಆ ಅರ್ಧ ನನ್ನದು, ನಿಮ್ಮ ಆ್ಯಪ್‌ನದಲ್ಲ.

ಬ್ಯಾಕಪ್ ಇಲ್ಲವೇ ಎಂದೂ ಕೇಳಿದಿರಿ. ಇತ್ತು. ಅದು ನಿಮ್ಮದೇ ಕ್ಲೌಡ್, ಅದಕ್ಕೇ ವರ್ಷಾವರ್ಷ ಹಣ ಕಟ್ಟುತ್ತಿರುವುದು. ಕಂಪ್ಯೂಟರಿನಲ್ಲಿ ಟ್ಯಾಗ್ ಬದಲಾದ ಕೂಡಲೇ ಸಿಂಕ್ ಆಗಿ ಕ್ಲೌಡಿನಲ್ಲೂ ಬದಲಾಯಿತು. ಫೈಲ್‌ಗಳ ಹಳೆಯ ಆವೃತ್ತಿ ಇಟ್ಟಿರುತ್ತೇವೆ ಎಂದು ಚಂದಾ ಪುಟದಲ್ಲಿ ದೊಡ್ಡದಾಗಿ ಬರೆದಿದ್ದೀರಿ. ಹಾಗಿದ್ದರೆ ಅಪ್‌ಡೇಟ್‌ಗೆ ಹಿಂದಿನ ದಿನದ ಆವೃತ್ತಿಯನ್ನು ವಾಪಸ್ ಕೊಡಿ. ಜೊತೆಗೆ ಯಾವ ಫೈಲಿನ ಹಳೆಯ ಹೆಸರು ಏನಿತ್ತು, ಈಗ ಏನಾಗಿದೆ ಎಂಬ ಪೂರ್ತಿ ಪಟ್ಟಿ ಬೇಕು. ಇಲ್ಲದಿದ್ದರೆ ಸರಿಯಾಗಿದೆಯೋ ಇಲ್ಲವೋ ಎಂದು ತಾಳೆ ನೋಡಲು ಆಗುವುದಿಲ್ಲ. ಡೂಪ್ಲಿಕೇಟ್ ಫೋಲ್ಡರ್ ತಾನಾಗಿ ಖಾಲಿಯಾಗುವುದನ್ನು ನನ್ನ ಖಾತೆಯಲ್ಲಿ ಇವತ್ತೇ ನಿಲ್ಲಿಸಿ. ಇಷ್ಟೆಲ್ಲ ಬದಲಾಯಿಸಿದ ಈ "ಸ್ವಯಂ ಶುಚಿ" ಸೌಲಭ್ಯ ಯಾರ ಆ್ಯಪ್‌ನಲ್ಲೂ ತಾನಾಗಿ ಶುರುವಾಗಬಾರದು. ಬೇಕಾದವರು ಒತ್ತಿಕೊಳ್ಳಲಿ, ಒತ್ತಿದ ಮೇಲೂ ಏನೇನು ಬದಲಾಗುತ್ತದೆ ಎಂದು ಮೊದಲು ತೋರಿಸಿ ಒಪ್ಪಿಗೆ ಕೇಳಲಿ. ಹಳೆಯ ಆವೃತ್ತಿ ನಿಮ್ಮಲ್ಲಿ ಇಲ್ಲ ಎಂದಾದರೆ ಈ ವರ್ಷದ ಚಂದಾ ಪೂರ್ತಿ ವಾಪಸ್ ಬೇಕು, ಎಲ್ಲವನ್ನೂ ಮತ್ತೆ ತುಂಬುವ ಶ್ರಮಕ್ಕೆ ಪರಿಹಾರವೂ ಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಯಾವ ಊರಲ್ಲೇ ಇರಲಿ, ಗ್ರಾಹಕ ತಾನಿರುವ ಊರಲ್ಲೇ ದೂರು ಕೊಡಬಹುದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ.

ಫೋನ್ ಮಾಡುವುದಾದರೆ ಯುಟಿಎಫ್ ಎಂದರೆ ಏನೆಂದು ತಿಳಿದವರ ಕೈಲಿ ಮಾಡಿಸಿ. ಫಾಂಟ್ ಹಾಕಿಕೊಂಡಿದ್ದೀರಾ ಎಂದು ಮತ್ತೆ ಕೇಳುವುದಾದರೆ ಬೇಡ.

ಇಂತಿ,
ನಿಮ್ಮ ಚಂದಾದಾರ

ಲಗತ್ತು: ಚಂದಾ ರಸೀದಿ, ಬದಲಾದ ಟ್ಯಾಗ್‌ಗಳ ಸ್ಕ್ರೀನ್‌ಶಾಟ್, ಅದೇ ಕಛೇರಿಯ ಕ್ಯಾಸೆಟ್ ಚೀಟಿಯ ಫೋಟೋ, ಸಹಾಯವಾಣಿಯ ಉತ್ತರಗಳ ಪ್ರತಿ